ಹಲವು ಚರಣಗಳನ್ನು ಸ್ವರಗಳ ಕೆಳಗೆ ಹೊಂದಿಸುವಾಗ

ಟೈಪ್ ಮಾಡಿದ ಆದೇಶಗಳಿಂದ ಸ್ವರಲಿಪಿಯನ್ನು ಜೋಡಿಸುವ ತಂತ್ರಾಂಶವಾದ ಲಿಲಿಪಾಂಡ್‌ನಲ್ಲಿ ಒಂದೇ ರಾಗರೇಖೆಯ ಕೆಳಗೆ ಮೂರು ನಾಲ್ಕು ಚರಣಗಳನ್ನು ಕೂರಿಸುವವರು ಸ್ಪೇಸ್ ಒತ್ತಿ ಅಕ್ಷರಗಳನ್ನು ಸರಿಸುವ ಅಭ್ಯಾಸವನ್ನು ಮೊದಲು ಬಿಡಬೇಕು, ಏಕೆಂದರೆ ಅಲ್ಲಿ ಹೆಚ್ಚುವರಿ ಸ್ಪೇಸ್‌ಗೆ ಯಾವ ಬೆಲೆಯೂ ಇಲ್ಲ. ಪ್ರತಿ ಚರಣಕ್ಕೂ ಪ್ರತ್ಯೇಕ ಲಿರಿಕ್ಸ್ ಸಾಲನ್ನು ಇಟ್ಟು, ಎಲ್ಲವನ್ನೂ ‘ಲಿರಿಕ್ಸ್‌ಟು’ ಆದೇಶದಿಂದ ಹೆಸರಿಟ್ಟ ಒಂದೇ ವಾಯ್ಸ್‌ಗೆ (ರಾಗದ ಸ್ವರಗಳ ಸಾಲಿಗೆ) ಜೋಡಿಸಿದರೆ ಸ್ವರಕ್ಕೊಂದು ಅಕ್ಷರ ತಾನಾಗಿಯೇ ಕೂರುತ್ತದೆ.

ಪದವನ್ನು ಒಡೆಯುವಲ್ಲಿ ಎರಡು ಅಡ್ಡಗೆರೆಗಳನ್ನು ಎರಡೂ ಬದಿಗೆ ಸ್ಪೇಸ್ ಬಿಟ್ಟು ಬರೆಯಬೇಕು. ‘ಹಕ್ಕಿ’ ಎಂಬುದನ್ನು ‘ಹ’ ಮತ್ತು ‘ಕ್ಕಿ’ ಎಂದೇ ಒಡೆಯಬೇಕು, ಒತ್ತಕ್ಷರವನ್ನು ಸೀಳಿದರೆ ಓದುವವರು ಎಡವುತ್ತಾರೆ.

ನಿಜವಾದ ತೊಡಕು ಚರಣಗಳ ಅಕ್ಷರಸಂಖ್ಯೆ ಬೇರೆಯಾದಾಗ ಬರುತ್ತದೆ. ಎರಡನೆಯ ಚರಣದಲ್ಲಿ ಒಂದು ಅಕ್ಷರ ಕಡಿಮೆಯಿದ್ದರೆ ಆ ಸ್ವರಕ್ಕೆ ಒಂಟಿ ಅಂಡರ್‌ಸ್ಕೋರ್ ಇಟ್ಟು ಖಾಲಿ ಬಿಡಬಹುದು. ಮೊದಲ ಚರಣ ಸ್ಲರ್‌ನಡಿ (ಸ್ವರಗಳನ್ನು ಕೂಡಿಸುವ ಬಾಗುಗೆರೆಯಡಿ) ಎಳೆದು ಹಾಡುವ ಎರಡು ಸ್ವರಗಳಿಗೆ ಮೂರನೆಯ ಚರಣ ಎರಡು ಅಕ್ಷರ ಬಯಸಿದರೆ, ಆ ಸಾಲಿನಲ್ಲಿ ಮಾತ್ರ ಈ ಎಳೆತವನ್ನು ಲೆಕ್ಕಿಸದಂತೆ ಮಾಡುವ ‘ಇಗ್ನೋರ್‌ಮೆಲಿಸ್ಮಾಟಾ’ ಆನ್ ಮಾಡಿ, ಮುಂದೆ ‘ಅನ್‌ಸೆಟ್’ ಮಾಡಿ ಅದನ್ನು ತೆಗೆಯಬೇಕು; ಇದನ್ನು ಮರೆತು ನಾನು ಇಡೀ ಚರಣವನ್ನು ಒಂದೊಂದೇ ಸ್ವರ ಹಿಂದಕ್ಕೆ ಜಾರಿಸಿಕೊಂಡಿದ್ದೇನೆ.

ಚರಣದ ಸಂಖ್ಯೆಯನ್ನು ಮೊದಲ ಅಕ್ಷರಕ್ಕೆ ಅಂಟಿಸಿ ಟೈಪ್ ಮಾಡದೆ ‘ಸ್ಟಾಂಜಾ’ ಎಂಬ ಗುಣಕ್ಕೆ ಕೊಡುವುದು ಲೇಸು, ಇಲ್ಲವಾದರೆ ಆ ಅಕ್ಷರ ಸ್ವರದ ನೇರದಿಂದ ಬಲಕ್ಕೆ ಸರಿಯುತ್ತದೆ.