ಇಳಿಜಾರು ಅಂಗಳ: ಮೊದಲು ನೀರಿಗೆ ದಾರಿ, ಆಮೇಲೆ ಮಟ್ಟ

ಉಡುಪಿ ಹತ್ತಿರ ಪರ್ಕಳದ ನಮ್ಮ ಮನೆಯ ಹಿಂದೆ ಐದು ಸೆಂಟ್ಸ್ ಜಾಗ ಇದೆ. ಅಡುಗೆಮನೆ ಬಾಗಿಲಿನಿಂದ ಕೆಳಗಿನ ಬೇಲಿಯವರೆಗೆ 54 ಅಡಿ. ಅಷ್ಟರಲ್ಲಿ ನೆಲ 9 ಅಡಿ ಇಳಿಯುತ್ತದೆ. ಹಲಸಿನ ಹಪ್ಪಳ ಒಣಗಿಸಲು ಒಂದು ಚಾಪೆಯಷ್ಟು ಸಮ ಜಾಗ ಇರಲಿಲ್ಲ.

ಮೊದಲ ಸಲ ನಾವು ಟಿಪ್ಪರ್‌ನಲ್ಲಿ ಹೊರಗಿನ ಮಣ್ಣು ತರಿಸಿ ತುಂಬಿಸಿದೆವು. ಕೆಳಗೆ 9 ಅಡಿಯ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ ಕಟ್ಟಿಸಿದೆವು. ಅಂಗಳ ಕೇರಂ ಬೋರ್ಡಿನ ಹಾಗೆ ಕಾಣುತ್ತಿತ್ತು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಒಂದು ಬೆಳಗಿನ ಜಾವ ಗೋಡೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ಮಧ್ಯಾಹ್ನದೊಳಗೆ ಬಿತ್ತು. ಆಚೆ ಮನೆಯವರ ಬಸಳೆ ಚಪ್ಪರ ಮಣ್ಣಿನಡಿ ಹೋಯಿತು. ಗೋಡೆಯಲ್ಲಿ ನೀರು ಹೊರಬರಲು ಒಂದೇ ಒಂದು ತೂತು ಇಟ್ಟಿರಲಿಲ್ಲ. ಕಟ್ಟಿದವರು ಇಡಲಿಲ್ಲ, ನಾನು ಕೇಳಲೂ ಇಲ್ಲ.

ಸ್ವಲ್ಪ ಲೆಕ್ಕ ಹಾಕಿ ನೋಡಿ. ಐದು ಸೆಂಟ್ಸ್ ಅಂದರೆ ಸುಮಾರು 200 ಚದರ ಮೀಟರ್. ಒಂದು ದಿನ 100 ಮಿ.ಮೀ. ಮಳೆ ಬಂದರೆ ಅಷ್ಟು ಜಾಗದ ಮೇಲೆ ಬೀಳುವುದು 20,000 ಲೀಟರ್ ನೀರು. ಜುಲೈಯಲ್ಲಿ ಅಂಥ ಮಳೆ ನಮಗೆ ಹೊಸದಲ್ಲ ಅಲ್ವಾ? ಇದರ ಜೊತೆ ಮಾಡಿನ (ಛಾವಣಿಯ) ನೀರು ಬೇರೆ. ಅದಕ್ಕೆ ಗುದ್ದಲಿ ಹಿಡಿಯುವ ಮುಂಚೆ ಒಂದು ಮಳೆಗಾಲ ಸುಮ್ನೆ ಕೊಡೆ ಹಿಡಿದು ನಿಂತು ನೋಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ತಿರುಗುತ್ತದೆ, ಯಾವ ತೋಡಿಗೆ (ಸಣ್ಣ ಹಳ್ಳಕ್ಕೆ) ಸೇರುತ್ತದೆ ಅಂತ ಕಾಗದದಲ್ಲಿ ಗೆರೆ ಎಳೆದಿಡಿ. ನಿಮ್ಮ ನೀರು ಪಕ್ಕದವರ ಜಾಗಕ್ಕೆ ನುಗ್ಗಬಾರದು.

ಎರಡನೆಯದು ಮಣ್ಣು. ನಮ್ಮ ಕಡೆ ಮೇಲೆ ಗಟ್ಟಿ ಮುರಕಲ್ಲು, ಅದರಡಿ ಶೇಡಿ ಮಣ್ಣು. ಬಿಳಿ, ಹಳದಿ, ಕೆಲವು ಕಡೆ ನಸುಗೆಂಪು ಬಣ್ಣ. ಬೇಸಿಗೆಯಲ್ಲಿ ಶೇಡಿಯನ್ನು ನೇರವಾಗಿ ಕಡಿದರೂ ಗೋಡೆಯ ಹಾಗೆ ನಿಲ್ಲುತ್ತದೆ. ಮೋಸ ಹೋಗುವುದೇ ಅಲ್ಲಿ. ಒಣಗಿದ ಒಂದು ಹೆಂಟೆಯನ್ನು ಲೋಟದ ನೀರಿಗೆ ಹಾಕಿ. ನಾನು ಹಾಕಿದ್ದು ಮೊದಲು ಬುಳುಬುಳು ಗುಳ್ಳೆ ಬಿಟ್ಟಿತು, ಅಂಚು ಉದುರಿತು. ಕಾಫಿ ಕುಡಿದು ಮುಗಿಸುವುದರೊಳಗೆ ತಳದಲ್ಲಿ ಬರೀ ರಾಡಿ ಇತ್ತು. ಮಳೆಯಲ್ಲಿ ದರೆ (ಕಡಿದ ಗುಡ್ಡದ ಬದಿ) ಕುಸಿಯುವುದೂ ಹೀಗೆಯೇ. ಹಾಗಾಗಿ ಮೇಲಿನ ಗಟ್ಟಿ ಪದರ ದಾಟಿ ಕಡಿಯಬೇಡಿ. ಶೇಡಿ ಕಂಡರೆ ಅಲ್ಲಿಗೆ ನಿಲ್ಲಿಸಿ, ಮಳೆಗೆ ತೆರೆದಿಡಬೇಡಿ.

ಇಡೀ ಜಾಗವನ್ನು ಒಂದೇ ಮಟ್ಟಕ್ಕೆ ತರುವ ಆಸೆ ಬಿಡಿ. ನಾವು ಎರಡನೇ ಸಲ 18 ಅಡಿ ಅಗಲದ ಮೂರು ಹಂತ ಮಾಡಿದೆವು. ಒಂದೊಂದರಲ್ಲೂ ಮೇಲಿನ ಅರ್ಧ ಕಡಿದು ಕೆಳಗಿನ ಅರ್ಧಕ್ಕೆ ತುಂಬುವುದು. ಎಲ್ಲೂ ಒಂದೂವರೆ ಅಡಿಗಿಂತ ಜಾಸ್ತಿ ಕಡಿಯಬೇಕಾಗಲಿಲ್ಲ, ಹೊರಗಿನ ಮಣ್ಣೂ ಬೇಡವಾಯಿತು. ಮನೆಯ ಪಂಚಾಂಗದ (ಗೋಡೆಯಡಿಯ ತಳಪಾಯದ) ಪಕ್ಕ ಮಾತ್ರ ನಾಲ್ಕು ಅಡಿ ಮುಟ್ಟದೆ ಬಿಟ್ಟೆವು. ಮೇಲಿನ ಅರ್ಧ ಅಡಿ ಕಪ್ಪು ಮಣ್ಣನ್ನು ಮೊದಲೇ ಕೆರೆದು ಬೇರೆ ರಾಶಿ ಹಾಕಿ. ಗಿಡಕ್ಕೆ ಕೊನೆಗೆ ಬೇಕಾಗುವುದು ಅದೇ.

ಮಟ್ಟ ನೋಡಲು ಮೇಸ್ತ್ರಿಗಳ ಲೆವೆಲ್ ಪೈಪ್ ಸಾಕು. ನೀರು ತುಂಬಿ, ಒಳಗೆ ಗುಳ್ಳೆ ಉಳಿಯದ ಹಾಗೆ ಬೆರಳಿನಿಂದ ತಟ್ಟಿ. ಎರಡೂ ತುದಿಯ ನೀರು ಅಲುಗಾಡುವುದು ನಿಂತ ಮೇಲೆ ಗೂಟಕ್ಕೆ ಗುರುತು ಹಾಕಿ, ಗುರುತಿನಿಂದ ಗುರುತಿಗೆ ನೂಲು ಕಟ್ಟಿ. ನೆಲ ಪೂರ್ತಿ ಸಮ ಆಗಬಾರದು. ಹತ್ತು ಅಡಿಗೆ ಎರಡು ಇಂಚಿನಷ್ಟು ಪಕ್ಕಕ್ಕೆ ವಾಲಬೇಕು. ಆ ಪಕ್ಕದಲ್ಲಿ ಮೇಲಿಂದ ಕೆಳಗಿನವರೆಗೆ ಕಲ್ಲು ಹಾಸಿದ ಕಣಿ (ಚರಂಡಿ) ಮಾಡಿ. ಮಾಡಿನ ನೀರನ್ನು ಪೈಪಿನಲ್ಲಿ ನೇರ ಈ ಕಣಿಗೇ ಬಿಡಿ, ತುಂಬಿದ ಮಣ್ಣಿನ ಮೇಲೆ ಬೇಡ.

ಈಗ ಹಂತಗಳ ಕೆಳಂಚಿನ ಗೋಡೆ. ಮೂರು ಅಡಿ ಎತ್ತರದವರೆಗೆ ಒಳ್ಳೆ ಕಲ್ಲು ಕೆಲಸದವರು ಕಟ್ಟುತ್ತಾರೆ. ಅದಕ್ಕಿಂತ ಎತ್ತರ ಬೇಕಾದರೆ, ಅಥವಾ ಅಡಿಪಾಯದಲ್ಲಿ ಶೇಡಿ ಸಿಕ್ಕಿದರೆ, ದಯವಿಟ್ಟು ಎಂಜಿನಿಯರನ್ನು ಕರೆಸಿ. ನಮ್ಮ ಗೋಡೆ ಬುಡದಲ್ಲಿ ಎರಡು ಅಡಿ ದಪ್ಪ. ಅಡಿಪಾಯ ಒಂದೂವರೆ ಅಡಿ ಆಳ. ಒಂದಡಿ ಏರಿದಂತೆ ಒಂದು ಇಂಚು ಗುಡ್ಡದ ಕಡೆ ವಾಲುತ್ತದೆ. ಬುಡದಿಂದ ಅರ್ಧ ಅಡಿ ಮೇಲೆ, ಐದೈದು ಅಡಿಗೆ ಒಂದರಂತೆ ಮೂರು ಇಂಚಿನ ಪಿವಿಸಿ ಪೈಪ್ ತುಂಡು ಇಟ್ಟಿದ್ದೇವೆ, ಹೊರಕ್ಕೆ ಸ್ವಲ್ಪ ಇಳಿಜಾರಾಗಿ. ಗೋಡೆಯ ಹಿಂದೆ ಒಂದಡಿ ಅಗಲಕ್ಕೆ ದಪ್ಪ ಜಲ್ಲಿ. ಜಲ್ಲಿಗೂ ಮಣ್ಣಿಗೂ ನಡುವೆ, ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಗೋಣಿ ಹಾಕಿದರೆ ಕೊಳೆತು ಹೋಗುತ್ತದೆ. ಹಣ ಉಳಿಸಲು ಜಲ್ಲಿ ಬಿಟ್ಟು ಮಣ್ಣೇ ತುಂಬುವ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ ಮಾರಾಯ್ರೇ. ಹಳೆ ಗೋಡೆ ಬಿದ್ದದ್ದು ಕಲ್ಲು ಕಡಿಮೆಯಾಗಿ ಅಲ್ಲ, ಹಿಂದೆ ನಿಂತ ನೀರಿನ ಭಾರಕ್ಕೆ.

ಮಣ್ಣು ತುಂಬುವಾಗ ಅರ್ಧ ಅಡಿ ಹಾಕಿ, ನೀರು ಚಿಮುಕಿಸಿ, ದಮ್ಮಸು ಮಾಡಿ (ಬಡಿದು ಗಟ್ಟಿ ಮಾಡಿ), ಮತ್ತೆ ಅರ್ಧ ಅಡಿ. ದೀಪಾವಳಿ ಕಳೆದ ಮೇಲೆ ಶುರು ಮಾಡಿದರೆ ಪತ್ತನಾಜೆಯೊಳಗೆ (ಮೇ ಕೊನೆಯೊಳಗೆ) ಆರಾಮವಾಗಿ ಮುಗಿಯುತ್ತದೆ. ಇಂಟರ್‌ಲಾಕ್ ಇಟ್ಟಿಗೆ ಆ ವರ್ಷವೇ ಹಾಕಬೇಡಿ. ತುಂಬಿದ ಮಣ್ಣು ಒಂದು ಮಳೆಗಾಲ ಕುಳಿತುಕೊಳ್ಳಲಿ. ಬರಿ ನೆಲಕ್ಕೆ ತೆಂಗಿನ ಮಡಲು, ಅಡಿಕೆ ಸೋಗೆ ಹೊದಿಸಿ.

ಗೋಡೆಯ ಮೇಲಂಚಿಗೆ ಮೊದಲ ಮಳೆ ಬಿದ್ದ ಕೂಡಲೇ ಲಾವಂಚ ನೆಡಿ, ಅರ್ಧ ಅಡಿಗೆ ಒಂದು. ಬೇರು ನೇರ ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ. ತೆಂಗು, ಹಲಸು ಗೋಡೆಯಿಂದ ದೂರ ಇರಲಿ. ನಮ್ಮಲ್ಲಿ ಮೇಲಿನ ಹಂತ ಹಪ್ಪಳಕ್ಕೆ ಮತ್ತು ತುಳಸಿಕಟ್ಟೆಗೆ, ನಡುವಿನದು ಮಲ್ಲಿಗೆಗೆ, ಕೆಳಗಿನದು ಬಸಳೆಗೆ. ಬಸಳೆಯ ಮೊದಲ ಕಟ್ಟು ಆಚೆ ಮನೆಗೇ ಹೋಯಿತು.

ಮೊದಲ ಜೋರು ಮಳೆಗೆ ಹೊರಗೆ ಹೋಗಿ ಪ್ರತಿ ಪೈಪಿನ ಬಾಯಿಗೆ ಅಂಗೈ ಹಿಡಿಯಿರಿ. ತಿಳಿ ನೀರು ಬಂದರೆ ಸರಿ. ಕೆಂಪು ನೀರು ಬರುತ್ತಲೇ ಇದ್ದರೆ ಹಿಂದಿನ ಮಣ್ಣು ಖಾಲಿಯಾಗುತ್ತಿದೆ. ಮಳೆ ಬಿಟ್ಟ ದಿನವೇ ಅಲ್ಲಿ ಬಗೆದು ಬಟ್ಟೆ ಸರಿ ಮಾಡಿ, ಜಲ್ಲಿ ತುಂಬಿ. ಏನೂ ಬರದಿದ್ದರೆ ಪೈಪ್ ಕಟ್ಟಿಕೊಂಡಿರಬಹುದು. ಉದ್ದದ ಕೋಲು ಹಾಕಿ ಆಗಲೇ ಬಿಡಿಸಿ.