ಮೂರು ಮಾರ್ಕಿನ ಸ್ವಾರಸ್ಯ: ನನ್ನ ಎಪಿ ಇಂಗ್ಲಿಷ್ ಬೇಸಿಗೆ

2023ರ ಜೂನ್. ಹತ್ತನೇ ಗ್ರೇಡ್ ಮುಗಿಯುವ ದಿನ ಟೀಚರ್ ಒಂದು ಹಾಳೆ ಕೈಗಿಟ್ಟರು. ಮುಂದಿನ ವರ್ಷ ಎಪಿ ಇಂಗ್ಲಿಷ್ ಲ್ಯಾಂಗ್ವೇಜ್ ತಗೊಳ್ಳುವವರಿಗೆ ರಜೆಯ ಕೆಲಸ. ಒಂದು ಪುಸ್ತಕ ಓದಬೇಕು. ಇಪ್ಪತ್ತು ಜರ್ನಲ್ ಎಂಟ್ರಿ ಬರೆಯಬೇಕು. ಸೆಪ್ಟೆಂಬರಿನಲ್ಲಿ ಶಾಲೆ ತೆರೆದ ಮೊದಲ ವಾರವೇ ಕ್ಲಾಸಲ್ಲಿ ಕೂತು 40 ನಿಮಿಷದಲ್ಲಿ ಒಂದು ಪ್ರಬಂಧ ಬರೆಯಬೇಕು.

ನಾನು ತಿಪಟೂರಿನಿಂದ ನ್ಯೂಜೆರ್ಸಿಗೆ ಬಂದು ಆಗಿನ್ನೂ ಹತ್ತು ತಿಂಗಳು. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ ಪ್ರಥಮ ಭಾಷೆ, 125ಕ್ಕೆ 121. ಇಂಗ್ಲಿಷ್ ದ್ವಿತೀಯ ಭಾಷೆ. ಅದರ ಮಾರ್ಕ್ಸ್ ಈಗ ಬೇಡ ಬಿಡಿ.

ಎಪಿ ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಕಾಲೇಜಿನ ಮೊದಲ ವರ್ಷದ ಮಟ್ಟದ ಪಾಠವನ್ನು ಹೈಸ್ಕೂಲಲ್ಲೇ ಓದುವುದು. ಮೇ ತಿಂಗಳಲ್ಲಿ ಕಾಲೇಜ್ ಬೋರ್ಡ್ ಅನ್ನುವ ಸಂಸ್ಥೆ ಪರೀಕ್ಷೆ ನಡೆಸುತ್ತದೆ, 1ರಿಂದ 5ರವರೆಗೆ ಅಂಕ ಕೊಡುತ್ತದೆ. ಈ ವಿಷಯದಲ್ಲಿ 45 ಬಹು ಆಯ್ಕೆ ಪ್ರಶ್ನೆ, ಮೂರು ಪ್ರಬಂಧ. ಪ್ರಬಂಧಗಳಿಗೇ ಶೇಕಡಾ 55 ತೂಕ. ಅದರಲ್ಲಿ ನನಗೆ ನಿದ್ದೆ ಕೆಡಿಸಿದ್ದು ರೆಟರಿಕಲ್ ಅನಾಲಿಸಿಸ್. ಯಾರೋ ಬರೆದ ಒಂದು ಬರಹ ಕೊಡುತ್ತಾರೆ. ಅದರಲ್ಲಿ ಏನಿದೆ ಅಂತ ಹೇಳಿದರೆ ಸಾಲದು. ಬರೆದವರು ಆ ಮಾತನ್ನು ಹಾಗೇ ಯಾಕೆ ಹೇಳಿದರು, ಕೇಳುವವರ ಮೇಲೆ ಅದು ಹೇಗೆ ಕೆಲಸ ಮಾಡುತ್ತದೆ ಅಂತ ಹೇಳಬೇಕು.

ಪುಸ್ತಕ ಫ್ರೆಡರಿಕ್ ಡಗ್ಲಸ್ 1845ರಲ್ಲಿ ಪ್ರಕಟಿಸಿದ ಆತ್ಮಕಥೆ. ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳಿಗೆ ಓಡಿಬಂದ ಮನುಷ್ಯ ತನ್ನ ಕಥೆಯನ್ನು ತಾನೇ ಹೇಳಿದ್ದು. ತೆಳುವಾದ ಪುಸ್ತಕ, ಹನ್ನೊಂದು ಅಧ್ಯಾಯ. ಇಷ್ಟೇನಾ ಅಂತ ಮೊದಲ ಮೂರು ವಾರ ಮುಟ್ಟಲೇ ಇಲ್ಲ. ಜುಲೈನಲ್ಲಿ ತೆರೆದರೆ ವಾಕ್ಯಗಳು ಮುಗಿಯುವುದೇ ಇಲ್ಲ! ಒಂದು ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಶುರು ಎಲ್ಲಿತ್ತೋ ಮರೆತುಹೋಗುತ್ತಿತ್ತು. ಕೊನೆಗೆ ಗಟ್ಟಿಯಾಗಿ ಓದತೊಡಗಿದೆ. ಅಮ್ಮ ಅಡುಗೆಮನೆಯಲ್ಲಿ, ನಾನು ಊಟದ ಮೇಜಿನ ಹತ್ತಿರ. ಆಗ ಗೊತ್ತಾಯಿತು, ಇದನ್ನು ಬರೆದವರು ಭಾಷಣ ಮಾಡಿ ಪಳಗಿದವರು. ಕಣ್ಣಿಗೆ ಕಷ್ಟವಾದದ್ದು ಕಿವಿಗೆ ಸಲೀಸಾಗಿತ್ತು.

ಜರ್ನಲ್ ಅಂದರೆ ಪುಟದ ಮಧ್ಯೆ ಒಂದು ಗೆರೆ. ಎಡಗಡೆ ಪುಸ್ತಕದ ಸಾಲು, ಬಲಗಡೆ ನಮ್ಮ ಮಾತು. ಏಳನೇ ಅಧ್ಯಾಯದಲ್ಲಿ ಡಗ್ಲಸ್ ಬಾಲ್ಟಿಮೋರಿನಲ್ಲಿ ಓದು ಕಲಿತ ಕಥೆ ಬರುತ್ತದೆ. ಹೊರಗಿನ ಕೆಲಸಕ್ಕೆ ಕಳಿಸಿದಾಗ ಆ ಹುಡುಗ ಜೊತೆಗೊಂದು ಪುಸ್ತಕ, ಸ್ವಲ್ಪ ಬ್ರೆಡ್ ಇಟ್ಟುಕೊಂಡು ಹೋಗುತ್ತಿದ್ದ. ಬೀದಿಯ ಬಡ ಬಿಳಿ ಹುಡುಗರಿಗೆ ಬ್ರೆಡ್ ಕೊಟ್ಟು ಪಾಠ ಹೇಳಿಸಿಕೊಳ್ಳುತ್ತಿದ್ದ. ಆ ಸಾಲಿನ ಬಲಗಡೆ ನಾನು ಬರೆದದ್ದು ಇಷ್ಟು: 'ಡಗ್ಲಸ್ ತುಂಬಾ ಕಷ್ಟಪಟ್ಟು ಓದು ಕಲಿತರು. ಇದು ಅವರ ಛಲವನ್ನು ತೋರಿಸುತ್ತದೆ.' ಇಂಥವೇ ಎಂಟು ಎಂಟ್ರಿ. ಪಕ್ಕದ ಬ್ಲಾಕಿನಲ್ಲಿ ನನಗಿಂತ ಒಂದು ವರ್ಷ ಮುಂದಿದ್ದ ಹುಡುಗಿ ನೋಡಿ, 'ಇದು ಸಮರಿ, ಬರೀ ಸಾರಾಂಶ. ಕಥೆ ಟೀಚರ್‌ಗೂ ಗೊತ್ತಲ್ವಾ?' ಅಂದಳು. ಸಿಟ್ಟು ಬಂತು. ಸರಿಯಾದ ಮಾತಿಗೆ ಸಿಟ್ಟು ಜಾಸ್ತಿ.

ಅವತ್ತು ರಾತ್ರಿ ನೆನಪಾಗಿದ್ದು ಹತ್ತನೇ ಕ್ಲಾಸಿನ ಕನ್ನಡ ಪ್ರಶ್ನೆಪತ್ರಿಕೆ. 'ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ.' ಮೂರು ಮಾರ್ಕು. ಆಯ್ಕೆ ಒಂದು ಸಾಲು, ಸಂದರ್ಭ ಎರಡು ಸಾಲು, ಆಮೇಲೆ ಸ್ವಾರಸ್ಯ. ಅಲ್ಲಿಗೆ ಬಂದಾಗ ನಾವೆಲ್ಲ ಏನು ಬರೆಯುತ್ತಿದ್ದೆವು? 'ಲೇಖಕರ ಮನೋಭಾವ ಇಲ್ಲಿ ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ.' ಯಾವ ಪಾಠಕ್ಕಾದರೂ ಒಗ್ಗುವ ಸಾಲು. ಗೈಡಿನಲ್ಲೂ ಅದೇ, ನನ್ನ 121ರಲ್ಲೂ ಅದೇ. ಸ್ವಾರಸ್ಯ ಏನು ಅಂತ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಇಲ್ಲಿನವರು ಕೇಳುತ್ತಿದ್ದದ್ದು ಅದನ್ನೇ. ಆಯ್ಕೆ, ಸಂದರ್ಭ ಎರಡು ಸಾಲಿನಲ್ಲಿ ಮುಗಿಸಿ, ಉಳಿದ ಎರಡು ಪುಟವೂ ಸ್ವಾರಸ್ಯ ಬರೆಯಬೇಕಿತ್ತು.

ಮಾರನೇ ದಿನ ಎಂಟೂ ಎಂಟ್ರಿ ಹೊಡೆದುಹಾಕಿದೆ. ಬಲಗಡೆ ಮೊದಲು ಪೆನ್ಸಿಲ್‌ನಲ್ಲಿ ಕನ್ನಡದಲ್ಲೇ ಬರೆದೆ. ಬ್ರೆಡ್ಡಿನ ಸಾಲಿಗೆ ಹೀಗೆ ಬಂತು: 'ಗುಲಾಮನ ಹತ್ತಿರ ಬ್ರೆಡ್ ಇದೆ, ಬಿಳಿ ಹುಡುಗರ ಹತ್ತಿರ ಇಲ್ಲ. ಅವರಿಗೆ ಅಕ್ಷರ ಇದೆ, ಇವನಿಗೆ ಇಲ್ಲ. ಮುಂದೆ ಜ್ಞಾನವನ್ನೂ ಬ್ರೆಡ್ ಅಂತಲೇ ಕರೆಯುತ್ತಾರೆ. ಒಂದೇ ಪದ, ಮೊದಲು ಹೊಟ್ಟೆಗೆ, ಆಮೇಲೆ ತಲೆಗೆ. ಮಕ್ಕಳು ಬೀದಿಯಲ್ಲಿ ಸಮಸಮ ವ್ಯಾಪಾರ ಮಾಡುತ್ತಿದ್ದಾರೆ, ದೊಡ್ಡವರ ಲೋಕ ಅದನ್ನೇ ಅಪರಾಧ ಅನ್ನುತ್ತದೆ. ಇದನ್ನು ಓದುವ ಉತ್ತರ ರಾಜ್ಯಗಳವರಿಗೆ ನಾಚಿಕೆಯಾಗಲಿ ಅಂತ ಇದೆಲ್ಲ.' ಇದನ್ನು ಇಂಗ್ಲಿಷಿಗೆ ತರಲು ಅರ್ಧ ಗಂಟೆ ಹಿಡಿಯಿತು. ವ್ಯಾಕರಣ ಅಲ್ಲಲ್ಲಿ ಕುಂಟಿತು. ಆದರೆ ಹೇಳಲು ಏನೋ ಇತ್ತು.

ಅದೇ ಅಧ್ಯಾಯದಲ್ಲಿ ಇನ್ನೊಂದು ಸಂಗತಿ. ಆ ಹುಡುಗರ ಹೆಸರು ಹೇಳಬೇಕು ಅನ್ನಿಸುತ್ತದೆ, ಆದರೆ ಹೇಳುವುದಿಲ್ಲ ಅನ್ನುತ್ತಾರೆ ಡಗ್ಲಸ್. ಗುಲಾಮರಿಗೆ ಓದು ಕಲಿಸುವುದು ಈ ಕ್ರೈಸ್ತ ದೇಶದಲ್ಲಿ ಹೆಚ್ಚುಕಡಿಮೆ ಕ್ಷಮಿಸಲಾಗದ ತಪ್ಪು, ಅವರಿಗೆ ಮುಜುಗರ ಆದೀತು ಅಂತ. ಬೀದಿಯ ಹೆಸರು ಮಾತ್ರ ಹೇಳುತ್ತಾರೆ. ಮೊದಲ ಸಲ ಇದನ್ನು ಹಾಗೇ ದಾಟಿಕೊಂಡು ಹೋಗಿದ್ದೆ. ಎರಡನೇ ಸಲ 'ಕ್ರೈಸ್ತ' ಅನ್ನುವ ಪದದ ಹತ್ತಿರ ನಿಂತೆ. ಹೊಗಳಿದಂತೆ ಇಟ್ಟು ಚುಚ್ಚುವುದು. ನಮ್ಮ ಅಜ್ಜಿ 'ಎಂಥಾ ಧರ್ಮಾತ್ಮ' ಅಂದರೆ ಅದು ಬೈಗುಳ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದೇ ದನಿ.

ಹತ್ತನೇ ಅಧ್ಯಾಯದ ಆ ಹೆಸರಾದ ಸಾಲು ಬಂದಾಗ ಮಾತ್ರ ಯಾರ ಸಹಾಯವೂ ಬೇಕಾಗಲಿಲ್ಲ. 'ಮನುಷ್ಯನೊಬ್ಬ ಗುಲಾಮನಾದದ್ದು ನೋಡಿದಿರಿ, ಗುಲಾಮನೊಬ್ಬ ಮನುಷ್ಯನಾದದ್ದು ನೋಡುವಿರಿ' ಅಂತ ಅದರ ಅರ್ಥ. ಟೀಚರ್ ಕೊಟ್ಟ ಹಾಳೆಯಲ್ಲಿ, ಪದಗಳನ್ನು ಹೀಗೆ ತಿರುಗಿಸಿ ಹೇಳುವುದಕ್ಕೆ ಕಯಾಸ್ಮಸ್ ಅಂತ ಹೆಸರು ಕೊಟ್ಟಿದ್ದರು. ನನಗೆ ಕೇಳಿಸಿದ್ದು ಕನಕದಾಸರ 'ನೀ ಮಾಯೆಯೊಳಗೋ ನಿನ್ನೊಳು ಮಾಯೆಯೋ'. ಅದೇ ತಿರುವು, ಅದೇ ಅಡಿಮೇಲು. ಆದರೆ ಕನಕದಾಸರಲ್ಲಿ ಅದು ಪ್ರಶ್ನೆಯಾಗಿಯೇ ಉಳಿಯುತ್ತದೆ, ಡಗ್ಲಸರಲ್ಲಿ ಮುಂದಿನ ಪುಟಕ್ಕೆ ಕೊಟ್ಟ ಮಾತು. ಆ ವ್ಯತ್ಯಾಸವೇ ನನ್ನ ಹದಿನಾರನೇ ಎಂಟ್ರಿ.

ಬರವಣಿಗೆಯ ಅಭ್ಯಾಸ ಆಗಸ್ಟ್‌ನಲ್ಲಿ. ಹಳೆ ವರ್ಷಗಳ ಪ್ರಬಂಧ ಪ್ರಶ್ನೆಗಳು ಕಾಲೇಜ್ ಬೋರ್ಡ್ ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಜೊತೆಗೆ ವಿದ್ಯಾರ್ಥಿಗಳ ಉತ್ತರ, ಸಿಕ್ಕ ಅಂಕ, ಯಾಕೆ ಅಷ್ಟು ಕೊಟ್ಟರು ಅನ್ನುವ ವಿವರಣೆ. ಒಂದು ಪ್ರಬಂಧಕ್ಕೆ 6 ಅಂಕ. ಥೀಸಿಸ್‌ಗೆ, ಅಂದರೆ ಪ್ರಬಂಧದ ಮುಖ್ಯ ವಾದಕ್ಕೆ 1, ಆಧಾರ ಮತ್ತು ವಿವರಣೆಗೆ 4, ಕೊನೆಯ 1 ಬರಹದ ಪ್ರೌಢಿಮೆಗೆ. ಆ ಕೊನೆಯದರ ಹಿಂದೆ ಓಡಲೇ ಇಲ್ಲ. ಅಂಕವನ್ನು ಕೈಯಿಂದ ಮುಚ್ಚಿಕೊಂಡು ಉತ್ತರ ಓದುವುದು, ನಾನೇ ಅಂಕ ಹಾಕುವುದು, ಆಮೇಲೆ ಕೈ ತೆಗೆಯುವುದು. ಮೊದಮೊದಲು ದೊಡ್ಡ ದೊಡ್ಡ ಪದ ಇದ್ದವರಿಗೆಲ್ಲ ಜಾಸ್ತಿ ಕೊಟ್ಟು ಮೋಸ ಹೋದೆ. ಎರಡು ವಾರದಲ್ಲಿ ನನ್ನ ಅಂದಾಜು ಒಂದು ಅಂಕದ ಆಚೀಚೆಗೆ ಬಂತು. ಕೋಚಿಂಗಿಗೆ ದುಡ್ಡು ಕೊಟ್ಟಿದ್ದರೂ ಇಷ್ಟು ಕಲಿಯುತ್ತಿರಲಿಲ್ಲ ಅಂತ ಈಗಲೂ ಅನ್ನಿಸುತ್ತದೆ.

ಮೂರು ಪ್ರಬಂಧಗಳಲ್ಲಿ ಇನ್ನೊಂದು ವಾದದ್ದು, ನಮ್ಮದೇ ನಿಲುವನ್ನು ಉದಾಹರಣೆ ಕೊಟ್ಟು ಸಮರ್ಥಿಸಬೇಕು. ಆ ಉದಾಹರಣೆ ಎಲ್ಲಿಂದ ತರುವುದು ಅಂತ ಸುಮ್ನೆ ಒದ್ದಾಡಿದೆ. ಅಮೆರಿಕದ ಇತಿಹಾಸ ಇನ್ನೂ ಅರೆಬರೆ. ಕೊನೆಗೆ ಪೈಪೋಟಿಯ ಬಗ್ಗೆ ಬರೆಯುವಾಗ ತಿಪಟೂರಿನ ಕೊಬ್ಬರಿ ಹರಾಜು ಇಟ್ಟೆ. ನಡೆಯಿತು. ಗೊತ್ತಿದ್ದ ಜಾಗದ ಬಗ್ಗೆ ಬರೆದಾಗ ವಾಕ್ಯ ತಾನಾಗಿ ಚಿಕ್ಕದಾಯಿತು.

ಸೆಪ್ಟೆಂಬರಿನ ಆ 40 ನಿಮಿಷದಲ್ಲಿ ಪ್ರಬಂಧ ಪೂರ್ತಿಯಾಗಲಿಲ್ಲ. ಕೊನೆಯ ಪ್ಯಾರಾ ಎರಡೇ ಸಾಲು. 6ಕ್ಕೆ 3 ಬಂತು. ಜರ್ನಲ್‌ಗೆ ಮಾತ್ರ ಪೂರ್ತಿ. ಸರಿಯಾಗಿ ಅಳಿಸದ ಕನ್ನಡ ಅಕ್ಷರಗಳ ಪಕ್ಕ ಟೀಚರ್ ಇದೇನು ಅಂತ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು, ಹೇಳಿದೆ, ನಕ್ಕರು. 2024ರ ಮೇನಲ್ಲಿ ಪರೀಕ್ಷೆಯನ್ನು ಪೆನ್ನಿನಲ್ಲೇ ಬರೆದೆ, 4 ಬಂತು. 2025ರಿಂದ ಅದು ಕಂಪ್ಯೂಟರಿನಲ್ಲಿ. ಟೈಪ್ ಮಾಡಿ ಅಭ್ಯಾಸ ಮಾಡಿಕೊಳ್ಳಿ, ನನ್ನ ಹಾಗೆ ಬೆರಳು ನೋಯಿಸಿಕೊಳ್ಳಬೇಡಿ.

ಮೊನ್ನೆ ತಿಪಟೂರಿನಿಂದ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಈ ಸಲ ಎಸ್ಸೆಸ್ಸೆಲ್ಸಿ. ಒಂದು ಸಾಲು ಕಳಿಸಿ ಸ್ವಾರಸ್ಯ ಬರೆದುಕೊಡು ಅಂದಳು. ಪದ ಪದ ಬಿಡಿಸಿ ಉತ್ಸಾಹದಲ್ಲಿ ಹನ್ನೆರಡು ಸಾಲು ಬರೆದು ಕಳಿಸಿದೆ. ಐದು ನಿಮಿಷಕ್ಕೆ ಉತ್ತರ ಬಂತು: 'ಅಕ್ಕ, ಮೂರು ಮಾರ್ಕಿಗೆ ಇಷ್ಟೊಂದಾ?'