ಗಂಡ ಆಫೀಸರ್ ಟ್ರೇನಿಂಗ್‌ಗೆ ಹೊರಟರೆ ನಾವೂ ಮನೆ ಬದಲಿಸಬೇಕಾ?

ಅಮೆರಿಕದ ಆರ್ಮಿ ಸೇರುತ್ತಿರುವವರ ಮನೆಯವರಿಗೆ ಈ ಮಾತು. ಸಿವಿಲಿಯನ್ ಆಗಿದ್ದು ನೇರ ಸೇರುವವರಿಗೆ ಮೊದಲು 10 ವಾರ ಬೇಸಿಕ್ ಟ್ರೇನಿಂಗ್. ಆಮೇಲೆ ಜಾರ್ಜಿಯಾದ ಫೋರ್ಟ್ ಬೆನ್ನಿಂಗ್‌ನಲ್ಲಿ 12 ವಾರ ಓಸಿಎಸ್ (ಆಫೀಸರ್ ಕ್ಯಾಂಡಿಡೇಟ್ ಸ್ಕೂಲ್), ಅಂದರೆ ಆಫೀಸರ್ ಆಗೋ ಟ್ರೇನಿಂಗ್. ಅಷ್ಟೂ ದಿನ ಅವರ ವಾಸ ಬ್ಯಾರಕ್‌ನಲ್ಲೇ. ನೀವು ಪಕ್ಕದ ಕೊಲಂಬಸ್ ಊರಲ್ಲೇ ಮನೆ ಮಾಡಿದರೂ ರಾತ್ರಿ ಊಟಕ್ಕೆ ಅವರು ಬರಲ್ಲ.

ನಾನೂ ಹೊರಡೋಣ ಅಂತ ಪಾತ್ರೆಗಳನ್ನೆಲ್ಲ ಡಬ್ಬಕ್ಕೆ ತುಂಬಿದ್ದೆ. ಕುಕ್ಕರನ್ನೂ ಪೇಪರಲ್ಲಿ ಸುತ್ತಿಟ್ಟಿದ್ದೆ. ಕೊನೆಗೆ ಎಲ್ಲ ಬಿಚ್ಚಿ, ಇದ್ದಲ್ಲೇ ಇದ್ದೆ. ಮಗಳ ಸ್ಕೂಲು ತಪ್ಪಲಿಲ್ಲ, ಕಷ್ಟಕ್ಕೆ ಪಕ್ಕದ ಮನೆಯವರಿದ್ದರು. ಒಂಟಿತನ ಕಾಡಿತು, ಸುಳ್ಳು ಹೇಳಲ್ಲ. ಆದರೆ ಗುರುತಿಲ್ಲದ ಊರಲ್ಲಿ ಅದು ಇನ್ನೂ ಜಾಸ್ತಿ ಆಗ್ತಿತ್ತು, ಅಲ್ವಾ?

ಮುಖ್ಯವಾದ ಲೆಕ್ಕ ಇದು: ಒಂದೇ ಜಾಗದಲ್ಲಿ ಕೋರ್ಸ್ 20 ವಾರಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಮನೆಯವರನ್ನೂ ಸಾಮಾನನ್ನೂ ಅಲ್ಲಿಗೆ ಸಾಗಿಸುವ ಖರ್ಚನ್ನು ಆರ್ಮಿ ಕೊಡಲ್ಲ. ಸುಮ್ನೆ ಹೋದರೆ ಟ್ರಕ್ ಬಾಡಿಗೆ, ಅಡ್ವಾನ್ಸ್ ಎಲ್ಲ ನಿಮ್ಮ ಕೈಯಿಂದಲೇ. ಓಸಿಎಸ್ ಮುಗಿದ ಮೇಲೆ ಮತ್ತೊಂದು ಕೋರ್ಸ್ ಇರುತ್ತೆ. ಇನ್‌ಫೆಂಟ್ರಿ (ಕಾಲಾಳು ಪಡೆ) ಸಿಕ್ಕರೆ ಬೆನ್ನಿಂಗ್‌ನಲ್ಲೇ, ಫೀಲ್ಡ್ ಆರ್ಟಿಲರಿ (ಫಿರಂಗಿ ಪಡೆ) ಆದರೆ ಒಕ್ಲಹೋಮಾದ ಫೋರ್ಟ್ ಸಿಲ್. ಹಾಗಾಗಿ ಯಾವ ಬ್ರಾಂಚ್ (ಆರ್ಮಿಯ ವಿಭಾಗ) ಅಂತ ತಿಳಿಯೋ ಮುಂಚೆ ವರ್ಷದ ಲೀಸ್‌ಗೆ ಸಹಿ ಹಾಕಬೇಡಿ.

ಚಿಕ್ಕ ಮಗು ಇದ್ದು ನೋಡಿಕೊಳ್ಳೋರು ಯಾರೂ ಇಲ್ಲದಿದ್ದರೆ, ಊರಿಂದ ಅಮ್ಮನನ್ನೋ ಅತ್ತೆಯನ್ನೋ ಕರೆಸಿಕೊಳ್ಳಿ. ವೀಸಾಗೆ ಸಮಯ ಹಿಡಿಯುತ್ತೆ, ಈಗಲೇ ಅರ್ಜಿ ಹಾಕಿ. ಮನೆ ಬದಲಿಸದೆ ಉಳಿದ ದುಡ್ಡು, ರಜೆ ಎರಡನ್ನೂ ಗ್ರಾಜುಯೇಶನ್ ದಿನಕ್ಕೆ ಉಳಿಸಿಡಿ. ಅವತ್ತು ಮಾತ್ರ ಮಗುವನ್ನೂ ಕರಕೊಂಡು ಹೋಗಿ.